ಖಾಲಿ ಎರಿಗಳನ್ನು ಬೇಸಿಗೆ ದಾಟಿಸುವ ಬಗೆ

ಯಲಬುರ್ಗಾ ಕಡೆಯ ಎರೆಹೊಲಗಳಲ್ಲಿ ಸೂರ್ಯಕಾಂತಿ ಹೂವು ಮುಗಿದು, ಜೇನು ಡಬ್ಬಿ ಸೇರಿದ ಮೇಲೆ ನನ್ನ ಚಿಂತೆಯೆಲ್ಲ ಖಾಲಿ ಎರಿಗಳದ್ದು, ಅಂದರೆ ಜೇನು ತೆಗೆದ ಮೇಲೆ ಉಳಿದ ಮೇಣದ ಹಲ್ಲೆಗಳದ್ದು. ಒಂದು ಕಿಲೋ ಮೇಣ ಮಾಡಲು ಜೇನುಹುಳುಗಳು 6ರಿಂದ 8 ಕಿಲೋ ಜೇನು ತಿನ್ನುತ್ತವೆ ಎಂದು ಅಂದಾಜು. ಕಟ್ಟಿದ ಎರಿ ಉಳಿದರೆ ಮುಂದಿನ ವರ್ಷ ಅಷ್ಟು ಜೇನು ಉಳಿದಂತೆ.

ಜೇನು ತೆಗೆಯಲು ಯಂತ್ರದಲ್ಲಿ ತಿರುಗಿಸಿದ ಎರಿಯನ್ನು ನೀರಿನಲ್ಲಿ ತೊಳೆಯಬೇಡಿ. ಹೊತ್ತು ಮುಳುಗಿದ ಮೇಲೆ ಅದೇ ಜೇನುಪೆಟ್ಟಿಗೆಯ ಜೇನುಕೋಣೆಗೆ (ಹುಳುಗಳು ಜೇನು ಕೂಡಿಡುವ ಭಾಗಕ್ಕೆ) ಮರಳಿಸಿ, ಬಾಗಿಲನ್ನು ಕಿರಿದು ಮಾಡಿ. ಎರಡು ದಿನದಲ್ಲಿ ಜೇನುಹುಳುಗಳು ಎರಿಯ ಒಂದೊಂದು ಕಣವನ್ನೂ, ಅಂದರೆ ಪುಟ್ಟ ಗೂಡನ್ನೂ, ನೆಕ್ಕಿ ಒಣಗಿಸುತ್ತವೆ. ನಮ್ಮ ಕೈಯಲ್ಲಿ ಅಷ್ಟು ಶುದ್ಧಿ ಸಾಧ್ಯವಿಲ್ಲ. ಆದರೆ ಹಗಲಲ್ಲಿ ಬಯಲಿಗಿಟ್ಟರೆ ಪೆಟ್ಟಿಗೆ ಪೆಟ್ಟಿಗೆಗಳ ನಡುವೆ ಲೂಟಿ ಶುರುವಾಗುತ್ತದೆ, ರೋಗವೂ ಹರಡುತ್ತದೆ.

ಅನಂತರ ಎರಿಯನ್ನು ಹಿಡಿದಿರುವ ಚೌಕಟ್ಟಿನ ಮರಕ್ಕೆ ಹತ್ತಿದ ಅಂಟು, ಅಡ್ಡಾದಿಡ್ಡಿ ಮೇಣವನ್ನು ಮೊಂಡು ಚಾಕುವಿನಿಂದ ಕೆರೆಯಿರಿ. ಬೆಳಕಿಗೆ ಹಿಡಿದರೆ ಏನೂ ಕಾಣದಷ್ಟು ಕಪ್ಪಾದ ಹಳೆಯ ಎರಿಗಳನ್ನು ಕರಗಿಸಲು ತೆಗೆದಿಡಿ. ಮರಿ ಬೆಳೆದು ಕಪ್ಪಾದ ಎರಿ ಎಂದರೆ ಎರಿ ತಿನ್ನುವ ಮೇಣದ ಪತಂಗದ ಮರಿಹುಳುಗಳಿಗೆ ಹಬ್ಬ.

ಮೂರು ವರ್ಷದ ಹಿಂದೆ 40 ಒಳ್ಳೆಯ ಎರಿಗಳನ್ನು ಗೊಬ್ಬರದ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ ಕತ್ತಲ ಕೋಣೆಯಲ್ಲಿಟ್ಟಿದ್ದೆ. ಯುಗಾದಿಗೆ ಮನೆ ಸಾರಿಸುವಾಗ ಚೀಲ ಎತ್ತಿದರೆ ಹಗುರ! ಒಳಗೆ ಬೂದು ಬಲೆ, ಸಾಸಿವೆಗಿಂತ ಸಣ್ಣ ಕಪ್ಪು ಹಿಕ್ಕೆ, ಅದರ ನಡುವೆ ಹರಿದಾಡುವ ಬಿಳಿ ಹುಳುಗಳು. ಮರದ ಪಟ್ಟಿಯಲ್ಲೂ ಉಗುರಿನಿಂದ ತೋಡಿದಂತೆ ಗುಳಿಗಳಿದ್ದವು. ಗೂಡು ಕಟ್ಟಲು ಪತಂಗದ ಮರಿಹುಳು ಮರವನ್ನೂ ಕೊರೆಯುತ್ತದೆ. ಪತಂಗ ಹೊರಗಿನಿಂದ ಬಂದದ್ದಲ್ಲ, ಚೀಲ ಕಟ್ಟುವ ಮೊದಲೇ ಮೊಟ್ಟೆಗಳು ಎರಿಯಲ್ಲಿದ್ದವು. ಆ ದಿನ ಊಟ ಸೇರಲಿಲ್ಲ.

ಪತಂಗಕ್ಕೆ ಬೇಕಾದದ್ದು ಕತ್ತಲೆ, ಉಸಿರುಗಟ್ಟಿದ ಜಾಗ. ಈಗ ನಮ್ಮ ಮಾಳಿಗೆ ಮನೆಯ ಪಡಸಾಲೆಯಲ್ಲಿ ಎರಡು ಬಿದಿರ ಗಳಗಳನ್ನು ಜೋಡಿಯಾಗಿ ತೂಗುಹಾಕಿ, ಚೌಕಟ್ಟಿನ ಕಿವಿಗಳನ್ನು (ಮೇಲ್ಪಟ್ಟಿಯ ಚಾಚಿದ ತುದಿಗಳನ್ನು) ಅವುಗಳ ಮೇಲೆ ಕೂರಿಸುತ್ತೇನೆ. ಒಂದರಿಂದ ಒಂದಕ್ಕೆ ಮೂರು ಬೆರಳಷ್ಟು ಅಂತರ. ಗಾಳಿ, ಬೆಳಕು ಎರಡೂ ಆಡಬೇಕು, ಆದರೆ ಬಿಸಿಲು ತಾಗಬಾರದು. ತಗಡಿನ ಚಾವಣಿಯ ಕೆಳಗೆ ಇಡಲೇಬೇಡಿ. ಮೇಣ ಕರಗುವುದು ಸುಮಾರು 63 ಡಿಗ್ರಿ ಸೆಲ್ಸಿಯಸ್‌ಗೆ. ಅದಕ್ಕೆ ಬಹಳ ಮೊದಲೇ ಮೆತ್ತಗಾಗಿ ಜೋತು ಬೀಳುತ್ತದೆ. ನಮ್ಮ ಏಪ್ರಿಲ್ ಬಿಸಿಲು ಸಾಮಾನ್ಯದ್ದಲ್ಲ. ಗಳ ಕಟ್ಟಿದ ಹಗ್ಗಗಳಿಗೆ ಬೇವಿನೆಣ್ಣೆ ಸವರಿದ ಬಟ್ಟೆ ಸುತ್ತಿದರೆ ಇರುವೆ ಕಾಟ ಕಡಿಮೆ.

ಡೀಪ್ ಫ್ರೀಜರ್ ಸಿಕ್ಕರೆ ತೂಗುಹಾಕುವ ಮೊದಲು ಎರಿಗಳನ್ನು ಒಂದು ದಿನ ಅದರಲ್ಲಿಡಿ, ಮೊಟ್ಟೆಗಳೂ ಸಾಯುತ್ತವೆ. ಗಂಧಕದ ಹೊಗೆ ಪತಂಗದ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ; ಎರಡು ವಾರ ಬಿಟ್ಟು ಮತ್ತೆ ಹಾಕಬೇಕು, ಹೊಗೆ ಉಸಿರಿಗೆ ಹೋಗದಂತೆ ಮನೆಯ ಹೊರಗೇ ಹಾಕಬೇಕು. ನುಸಿಗುಳಿಗೆ ಮಾತ್ರ ಬೇಡವೇ ಬೇಡ. ಅದು ಮೇಣದಲ್ಲಿ ಉಳಿದು ಮುಂದಿನ ಜೇನಿಗೆ ಇಳಿಯುತ್ತದೆ.

ವಾರಕ್ಕೊಮ್ಮೆ ಪ್ರತಿ ಎರಿಯನ್ನೂ ಬೆಳಕಿಗೆ ಹಿಡಿದು ನೋಡಿ. ಕಣಗಳ ಮುಖದಡಿ ನೂಲಿನಂಥ ಗೆರೆ ಕಂಡರೆ ಆ ತುಂಡನ್ನು ಅಂದೇ ಕತ್ತರಿಸಿ ತೆಗೆಯಿರಿ. ಮತ್ತೆ ಹೂವು ಬಂದಾಗ ಎಲ್ಲವನ್ನೂ ಒಟ್ಟಿಗೆ ಕೊಡಬೇಡಿ. ಜೇನುಹುಳುಗಳು ಮೈತುಂಬ ಮುಚ್ಚಿ ಕೂರುವಷ್ಟು ಎರಿಗಳನ್ನು ಕೊಟ್ಟು, ಉಳಿದವನ್ನು ಗಳದ ಮೇಲೆಯೇ ಬಿಡಿ.