ಪೌತಿ ಖಾತೆಯ ಜಾಡು ಹಿಡಿದು ಮನೆತನದ ಇತಿಹಾಸ ಹುಡುಕುವ ಬಗೆ

ನಮ್ಮ ನಾಡಿನ ರೈತಾಪಿ ಮನೆತನಗಳ ಹೆಸರುಗಳು ಹೆಚ್ಚಾಗಿ ಉಳಿದಿರುವುದು ಜಮೀನಿನ ಕಡತಗಳಲ್ಲಿ. ಆದ್ದರಿಂದ ಹುಡುಕಾಟಕ್ಕೆ ಹೊರಡುವವರು ಅಜ್ಜ, ಮುತ್ತಜ್ಜರ ಹೆಸರಿನ ಜೊತೆಗೆ ಊರು, ಹೋಬಳಿ ಮತ್ತು ಸರ್ವೆ ನಂಬರನ್ನು ಮನೆಯ ಹಿರಿಯರಿಂದ ಮೊದಲು ಕೇಳಿ ಬರೆದುಕೊಳ್ಳಬೇಕು. ಜಮೀನು ಕೈಬಿಟ್ಟು ಎಷ್ಟೋ ವರ್ಷಗಳಾಗಿದ್ದರೂ ಆ ನಂಬರು ಕೆಲಸಕ್ಕೆ ಬರುತ್ತದೆ.

ಕಂದಾಯ ಇಲಾಖೆಯ 'ಭೂಮಿ' ಜಾಲತಾಣದಲ್ಲಿ ಈಗಿನ ಪಹಣಿಯನ್ನು ನೋಡಿ, ಅದರಲ್ಲಿರುವ ಮ್ಯುಟೇಷನ್ (ಖಾತೆ ಬದಲಾವಣೆ) ಸಂಖ್ಯೆಯನ್ನು ಹಿಡಿದು, ಕೈಬರಹದ ಹಳೆಯ ಪಹಣಿ ಹಾಗೂ ಮ್ಯುಟೇಷನ್ ವಹಿಗಳ ನಕಲಿಗಾಗಿ ತಾಲ್ಲೂಕು ಕಚೇರಿಯ ಅಭಿಲೇಖಾಲಯಕ್ಕೆ ಅರ್ಜಿ ಕೊಡಬೇಕು. ಅವುಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಪೌತಿ ಖಾತೆಯ ನಮೂದು; ಖಾತೆದಾರರು ತೀರಿಕೊಂಡ ಮೇಲೆ ಜಮೀನು ಯಾವ ವಾರಸುದಾರರ ಹೆಸರಿಗೆ ಬಂತೆಂಬುದು ಅಲ್ಲಿರುವುದರಿಂದ, ಅಂಥ ಒಂದೊಂದು ನಮೂದೂ ಒಂದು ತಲೆಮಾರನ್ನು ಅದರ ಹಿಂದಿನದಕ್ಕೆ ಜೋಡಿಸುತ್ತದೆ. ಆದರೆ ಖಾತೆ ಬದಲಾದ ತಾರೀಖನ್ನೇ ಸಾವಿನ ತಾರೀಖೆಂದು ತಿಳಿಯಬಾರದು, ಏಕೆಂದರೆ ಈ ಬದಲಾವಣೆಯನ್ನು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ತಡವಾಗಿ ಮಾಡಿಸಿದ್ದಾರೆ.

ಈ ವಹಿಗಳಲ್ಲಿ ಹೆಣ್ಣುಮಕ್ಕಳ ಹೆಸರು ಬಹಳ ಸಲ ಇರುವುದೇ ಇಲ್ಲ. ಮನೆತನದ ಇತಿಹಾಸ ಬರೆಯುವವರು ಆ ಜಾಗವನ್ನು ಹಾಗೆಯೇ ಖಾಲಿ ಬಿಡುವುದು ನನಗೆ ಸರಿಕಾಣುವುದಿಲ್ಲ. ಮುತ್ತಜ್ಜಿ, ಸೋದರತ್ತೆಯರನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ, ವಿಭಾಗ ಪತ್ರ, ದಾನಪತ್ರ, ಹಕ್ಕು ಬಿಡುಗಡೆ ಪತ್ರಗಳಲ್ಲಿ ಹುಡುಕಬೇಕು. ತಂದೆಯ ಅಥವಾ ಗಂಡನ ಹೆಸರು ಮತ್ತು ವಾಸದ ಊರು ಸಾಮಾನ್ಯವಾಗಿ ಅವುಗಳಲ್ಲಿ ಇರುತ್ತವೆ. ಸ್ಥಿರಾಸ್ತಿಯ ಪತ್ರಗಳು ದಾಖಲಾಗುವ 1ನೇ ಪುಸ್ತಕದ ನಕಲನ್ನು 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು.

ಗೇಣಿಗೆ ಉಳುತ್ತಿದ್ದ ಮನೆತನದವರು, 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಉಳುವ ಜಮೀನಿನ ಹಕ್ಕು ಕೇಳಿ ಭೂನ್ಯಾಯ ಮಂಡಳಿಗೆ ಸಲ್ಲಿಸಿದ ಅರ್ಜಿಯ, ಅಂದರೆ ನಮೂನೆ 7ರ, ಕಡತವನ್ನು ಕೇಳಬೇಕು. ಆ ಹೊಲವನ್ನು ಯಾರ ಕಾಲದಿಂದ ಉಳುತ್ತಿದ್ದೇವೆಂದು ಹಿರಿಯರು ಕೊಟ್ಟ ಹೇಳಿಕೆ ಅದರಲ್ಲಿ ಸಿಕ್ಕರೆ, ಅವರ ಮಾತೇ ಕೈಗೆ ಬಂದಂತೆ.

ಶಾಲೆಯ ದಾಖಲಾತಿ ವಹಿಯಲ್ಲಿ ತಂದೆಯ ಹೆಸರನ್ನು ನಂಬಬಹುದು, ಜನ್ಮದಿನಾಂಕವನ್ನು ಮಾತ್ರ ಬೇರೆ ದಾಖಲೆಯೊಡನೆ ತಾಳೆ ನೋಡಬೇಕು. ಜನಗಣತಿಯಲ್ಲಿ ಮನೆಮನೆಯಿಂದ ಪಡೆದ ವಿವರಗಳನ್ನು 1948ರ ಕಾಯ್ದೆಯ ಪ್ರಕಾರ ಯಾರಿಗೂ ತೋರಿಸುವುದಿಲ್ಲ.

1956ಕ್ಕಿಂತ ಹಿಂದೆ ಹೋಗುವವರು ತಮ್ಮ ಊರು ಆಗ ಯಾವ ಆಡಳಿತದಲ್ಲಿತ್ತೆಂದು ಮೊದಲು ತಿಳಿಯಬೇಕು. ಮೈಸೂರು ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವಿದೆ. ಧಾರವಾಡ, ಬೆಳಗಾವಿ ಕಡೆಯವರು ಮುಂಬಯಿ ಪತ್ರಾಗಾರವನ್ನೂ, ಕಲಬುರಗಿ, ರಾಯಚೂರು ಕಡೆಯವರು ಹೈದರಾಬಾದಿನದನ್ನೂ, ದಕ್ಷಿಣ ಕನ್ನಡದವರು ಚೆನ್ನೈನದನ್ನೂ ವಿಚಾರಿಸಬೇಕಾಗುತ್ತದೆ. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಅಥವಾ ಉರ್ದುವಿನ ಹಾಳೆ ಎದುರಾದರೆ, ಓದಲು ಬಾರದೆಂದು ಬಿಟ್ಟು ಬರದೆ, ಅಂಚಿನ ಷರಾ ಮತ್ತು ಹಿಂಬದಿಯ ಸಹಿಗಳೂ ಸೇರುವಂತೆ ಅದರ ಪೂರ್ತಿ ನಕಲನ್ನು ಪಡೆದು, ಆ ಲಿಪಿ ಬಲ್ಲವರಿಗೆ ತೋರಿಸಬೇಕು.