ಊಟಿ ರೈಲು: ಹೊಗೆ ಬಿಡುವ ಎಂಜಿನ್ ಬೇಕಿದ್ದರೆ ಮೇಟ್ಟುಪಾಳಯಂನಿಂದಲೇ ಹತ್ತಿ

ನಮ್ಮ ಕಡೆಯಿಂದ ಹೋಗುವವರು ಜಾಸ್ತಿ ಜನ ಗುಂಡ್ಲುಪೇಟೆ ದಾರಿಯಲ್ಲಿ ಊಟಿ ಸೇರಿ, ಅಲ್ಲಿಂದ ಕೂನೂರಿಗೆ ರೈಲು ಹತ್ತುತ್ತಾರೆ. ಅದೂ ಚೆಂದವೇ. ಆದರೆ ಆ ಭಾಗದಲ್ಲಿ ಓಡುವುದು ಡೀಸೆಲ್ ಎಂಜಿನ್. ಉಗಿ ಎಂಜಿನ್ ಇರುವುದು ಬೆಟ್ಟದ ಬುಡದಲ್ಲಿರುವ ಮೇಟ್ಟುಪಾಳಯಂ ಮತ್ತು ಕೂನೂರಿನ ನಡುವೆ. ಮಕ್ಕಳಿಗೆ ತೋರಿಸಬೇಕಾದ್ದು ಅದೇ ಅಲ್ವಾ?

ಹಾಗಾಗಿ ಹಿಂದಿನ ರಾತ್ರಿ ಮೇಟ್ಟುಪಾಳಯಂನಲ್ಲೇ ಉಳಿದುಕೊಳ್ಳಿ. ರೈಲು ಬೆಳಿಗ್ಗೆ ಏಳರ ಸುಮಾರಿಗೇ ಹೊರಡುತ್ತದೆ. ಊಟಿವರೆಗಿನ 46 ಕಿಲೋಮೀಟರಿಗೆ ಐದು ಗಂಟೆಯ ಹತ್ತಿರ ಹಿಡಿಯುತ್ತದೆ. ತಿಂಡಿ, ನೀರು ಕಟ್ಟಿಕೊಂಡು ಹೋಗಿ. ಟಿಕೆಟ್ ಬೇಗ ಮುಗಿಯುತ್ತದೆ, ಬುಕಿಂಗ್ ತೆರೆದ ಕೂಡಲೇ ಮಾಡಿಸಿ.

ಕಲ್ಲಾರ್ ನಿಲ್ದಾಣ ದಾಟಿದ ಮೇಲೆ ಹಳಿಗಳ ನಡುವೆ ನೋಡಿ. ಹಲ್ಲುಗಳಿರುವ ಇನ್ನೊಂದು ಪಟ್ಟಿ ಇರುತ್ತದೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಹಿಡಿದೇ ಏರು ಹತ್ತುವುದು. ಹತ್ತುವಾಗ ಎಂಜಿನ್ ಹಿಂದೆ ಇದ್ದು ತಳ್ಳುತ್ತದೆ. ನಡುವೆ ನೀರು ತುಂಬಿಸಲು ನಿಲ್ಲಿಸುತ್ತಾರೆ. ಆಗ ಇಳಿದು ಹತ್ತಿರದಿಂದ ನೋಡಬಹುದು, ಆ ಬಿಸಿ ಉಗಿಯ ಸದ್ದು ಕೇಳಲೇಬೇಕು! 1899ರಲ್ಲಿ ಕೂನೂರಿನವರೆಗೆ ಶುರುವಾದ ದಾರಿ ಇದು.

ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಮಳೆಗೆ ಗುಡ್ಡ ಕುಸಿದು ರೈಲು ರದ್ದಾಗುವುದುಂಟು. ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.