ಮಿಲಿಟರಿ ಅಜ್ಜನ ಆರೈಕೆ: ಊರನ್ನೂ ಸರ್ಕಾರವನ್ನೂ ಜೋಡಿಸುವುದು ಹೇಗೆ?

ಕೊಡಗಿನ ಯಾವ ಊರಿಗೆ ಹೋದರೂ ಗೋಡೆಯ ಮೇಲೆ ಯೂನಿಫಾರ್ಮ್ ತೊಟ್ಟ ಫೋಟೋ ಒಂದು ಕಣ್ಣಿಗೆ ಬೀಳುತ್ತದೆ. ಕಾರ್ಯಪ್ಪ, ತಿಮ್ಮಯ್ಯ ಅವರ ಜಿಲ್ಲೆ ಇದು. 1971ರ ಯುದ್ಧ ಕಂಡು ಬಂದವರಿಗೆ ಈಗ ಎಪ್ಪತ್ತು ದಾಟಿದೆ. ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ ಇದ್ದಾರೆ. ತೋಟದ ಮನೆಯಲ್ಲಿ ಇಬ್ಬರೇ. ಎಷ್ಟೋ ಕಡೆ ಒಬ್ಬರೇ.

ಇವರಿಗೆ ಸರ್ಕಾರದ ಸೌಲಭ್ಯ ಇಲ್ಲ ಅಂತಲ್ಲ. ಪಿಂಚಣಿ ಇದೆ, ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ, ಸೈನಿಕ ಕಲ್ಯಾಣ ಇಲಾಖೆ ಇದೆ. ಊರಲ್ಲೂ ಒಳ್ಳೆ ಮನಸ್ಸಿನ ಜನ ಇದ್ದಾರೆ. ಮನೆಯಿಂದ ಕಚೇರಿವರೆಗೆ ಕಾಗದ ಹಿಡಿದು ಓಡಾಡುವವರು ಮಾತ್ರ ಇಲ್ಲ. ನಮ್ಮೂರ ಮಾಜಿ ಸೈನಿಕರ ಸಂಘದ ಜೊತೆ ಕೆಲವು ವರ್ಷಗಳಿಂದ ಆ ಓಡಾಟ ಮಾಡುತ್ತಿದ್ದೇನೆ. ಒಂದೇ ತಪ್ಪು ಒಂದು ಮನೆಯಾದ ಮೇಲೆ ಇನ್ನೊಂದರಲ್ಲಿ ಆಗುವುದನ್ನು ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

1. ಒಂದು ಮನೆಗೆ ಒಬ್ಬರು

'ನಾವೆಲ್ಲ ಇದ್ದೇವಲ್ಲ' ಅನ್ನುವ ಮನೆಯಲ್ಲಿ ಕೊನೆಗೆ ಯಾರೂ ಇರುವುದಿಲ್ಲ. ಅಕ್ಕಪಕ್ಕದವರಲ್ಲಿ ಒಬ್ಬರನ್ನು ಗೊತ್ತು ಮಾಡಿ. ಅವರ ಫೋನ್ ನಂಬರನ್ನು ಅಜ್ಜನ ಮನೆಯ ಕ್ಯಾಲೆಂಡರ್ ಪಕ್ಕ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಮಕ್ಕಳಿಗೂ, ಆಶಾ ಕಾರ್ಯಕರ್ತೆಗೂ ಅದೇ ನಂಬರ್ ಕೊಡಿ.

2. ಒಂದು ಫೈಲ್

ಡಿಸ್ಚಾರ್ಜ್ ಬುಕ್ (ಸೇನೆ ಬಿಡುವಾಗ ಕೊಟ್ಟ ಪುಸ್ತಕ), ಪಿಪಿಒ (ಪಿಂಚಣಿ ಮಂಜೂರಾತಿ ಆದೇಶ), ಇಸಿಎಚ್‌ಎಸ್ ಕಾರ್ಡ್, ಗಂಡ ಹೆಂಡತಿ ಇಬ್ಬರ ಆಧಾರ್, ಪಾಸ್‌ಬುಕ್, ಈಗ ತಿನ್ನುತ್ತಿರುವ ಮಾತ್ರೆಗಳ ಚೀಟಿ. ಎರಡೆರಡು ಜೆರಾಕ್ಸ್. ಡಿಸ್ಚಾರ್ಜ್ ಬುಕ್‌ಗೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಹಳೆ ಕಾಗದ ಬಿಸಿಗೆ ಸುಕ್ಕಾಗುತ್ತದೆ, ಮುಂದೆ ಅದರ ಮೇಲೆ ಏನೂ ಬರೆಯಲು ಆಗುವುದಿಲ್ಲ. ಒಳ್ಳೆ ಪ್ಲಾಸ್ಟಿಕ್ ಕವರ್ ಸಾಕು.

3. ಹೆಂಡತಿಯ ಹೆಸರು, ಹುಟ್ಟಿದ ತಾರೀಕು

ಎಲ್ಲರೂ ಎಡವುವುದು ಇಲ್ಲೇ. ಇದನ್ನು ನಿಧಾನವಾಗಿ ಓದಿ.

ಡಿಸ್ಚಾರ್ಜ್ ಬುಕ್, ಪಿಪಿಒ, ಹೆಂಡತಿಯ ಆಧಾರ್ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಬೆರಳಿಟ್ಟು ನೋಡಿ. ಐವತ್ತು ವರ್ಷದ ಹಿಂದೆ ಯೂನಿಟ್ ಕ್ಲರ್ಕ್, ಜವಾನ ಹೇಳಿದ್ದನ್ನು ಕಿವಿಗೆ ಬಿದ್ದಂತೆ ಬರೆದುಕೊಂಡಿರುತ್ತಾರೆ. ಅಲ್ಲಿ 'ಲಕ್ಷ್ಮಿ', ಆಧಾರ್‌ನಲ್ಲಿ 'ಲಕ್ಷ್ಮಮ್ಮ'. ಅಲ್ಲಿ ಇನಿಷಿಯಲ್ ಇಲ್ಲ, ಇಲ್ಲಿ ಎರಡಿವೆ. ಹುಟ್ಟಿದ ತಾರೀಕಂತೂ ಎಷ್ಟೋ ಹಳೆ ಪಿಪಿಒಗಳಲ್ಲಿ ಇರುವುದೇ ಇಲ್ಲ.

ಅಜ್ಜ ಇರುವಷ್ಟು ದಿನ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವರು ಹೋದ ಮೇಲೆ ಕುಟುಂಬ ಪಿಂಚಣಿ ಅಲ್ಲೇ ನಿಲ್ಲುತ್ತದೆ. ನನ್ನ ಚಿಕ್ಕಮ್ಮನಿಗೆ ಆಗಿದ್ದು ಇದೇ. ಹನ್ನೊಂದು ತಿಂಗಳು ಒಂದು ರೂಪಾಯಿ ಬರಲಿಲ್ಲ. ಬಳ್ಳಿಯಲ್ಲಿದ್ದ ಮೆಣಸನ್ನು ಕೊಯ್ಯುವ ಮೊದಲೇ ಕಮ್ಮಿ ರೇಟಿಗೆ ಮಾರಿ ಮನೆ ನಡೆಸಿದರು. ಅಫಿಡವಿಟ್, ಅರ್ಜಿ, ಮತ್ತೊಂದು ಅಫಿಡವಿಟ್. ಹೆಬ್ಬೆಟ್ಟು ಒತ್ತಿ ಒತ್ತಿ ಬೆರಳಿನ ನೀಲಿ ಶಾಯಿ ಉಗುರಿನ ಸಂದಿಯಲ್ಲಿ ಹಾಗೇ ಉಳಿದಿತ್ತು.

ತಾರೀಕು ಯಾಕೆ ಬೇಕು ಅಂದರೆ, 80 ತುಂಬಿದವರಿಗೆ ಮೂಲ ಪಿಂಚಣಿಯ ಶೇ 20ರಷ್ಟು ಹೆಚ್ಚುವರಿ ಬರುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರಕ್ಕೆ ಇನ್ನೊಂದು ಪಿಂಚಣಿಯಷ್ಟೇ. ಕುಟುಂಬ ಪಿಂಚಣಿಗೂ ಇದು ಅನ್ವಯ. ದಾಖಲೆಯಲ್ಲಿ ತಾರೀಕೇ ಇಲ್ಲದ ಅಜ್ಜಿಗೆ 80 ಆಗಿದ್ದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?

ಸರಿಪಡಿಸುವ ದಾರಿ ಹೀಗೆ. ಜವಾನರಿಂದ ಜೆಸಿಒವರೆಗಿನವರ (ಸುಬೇದಾರ್ ಮಟ್ಟದವರೆಗಿನವರ) ದಾಖಲೆ ಇರುವುದು ಅವರವರ ರೆಕಾರ್ಡ್ ಆಫೀಸಿನಲ್ಲಿ. ಮದ್ರಾಸ್ ರೆಜಿಮೆಂಟ್‌ನದ್ದು ವೆಲ್ಲಿಂಗ್ಟನ್, ಎಂಇಜಿಯದ್ದು (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಆರ್ಟಿಲರಿಯದ್ದು ನಾಸಿಕ್ ರೋಡ್, ಇಎಂಇಯದ್ದು (ವಾಹನ, ಯಂತ್ರ ರಿಪೇರಿ ನೋಡಿಕೊಳ್ಳುವ ದಳ) ಸಿಕಂದರಾಬಾದ್. ಅಜ್ಜನ ಹೆಸರಲ್ಲೇ ಅರ್ಜಿ ಬರೆಯಿರಿ. ಸರ್ವಿಸ್ ನಂಬರ್ ಮೊದಲ ಸಾಲಿನಲ್ಲೇ ಇರಲಿ. ಜೊತೆಗೆ ಅಫಿಡವಿಟ್, ಆಧಾರ್ ಪ್ರತಿ, ಪಿಪಿಒ ಪ್ರತಿ. ಇದನ್ನೆಲ್ಲ ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೆ ಒಯ್ದು ತೋರಿಸಿ, ಅವರ ಸಹಿ ಸೀಲು ಹಾಕಿಸಿಕೊಂಡೇ ಕಳಿಸಿ. ಬೇರೆ ಜಿಲ್ಲೆಯವರು ತಮ್ಮ ಜಿಲ್ಲೆ ಯಾವ ಕಚೇರಿಗೆ ಸೇರುತ್ತದೆ ಅಂತ ಮೊದಲು ಕೇಳಿ. ಕೆಲವು ಕಚೇರಿಗಳಿಗೆ ಎರಡು ಮೂರು ಜಿಲ್ಲೆ ಸೇರಿರುತ್ತವೆ. ಕಳಿಸುವುದು ಸ್ಪೀಡ್ ಪೋಸ್ಟ್‌ನಲ್ಲಿ, ರಶೀದಿ ಫೈಲಿಗೆ.

ರೆಕಾರ್ಡ್ ಆಫೀಸಿನಿಂದ ಉತ್ತರ ಬಂದರೆ ಕೆಲಸ ಮುಗಿಯಿತು ಅಂತ ಸುಮ್ನೆ ಕೂರಬೇಡಿ. ತಿದ್ದಿದ ಪಿಪಿಒ ಪ್ರಯಾಗರಾಜ್‌ನ (ಹಳೆ ಹೆಸರು ಅಲಹಾಬಾದ್) ರಕ್ಷಣಾ ಪಿಂಚಣಿ ಕಚೇರಿ ಪಿಸಿಡಿಎಯಿಂದ ಬರಬೇಕು. ರಕ್ಷಣಾ ಪಿಂಚಣಿಯ 'ಸ್ಪರ್ಶ್' ಪೋರ್ಟಲ್‌ನಲ್ಲಿ ಲಾಗಿನ್ ಆಗಿ, ಅಲ್ಲೂ ಹೆಸರು ಬದಲಾಗಿದೆಯಾ ಅಂತ ಕಣ್ಣಾರೆ ನೋಡಿ.

ಇನ್ನೊಂದು ಅಡ್ಡದಾರಿ ಇದೆ, ಏಜೆಂಟರು ಹೇಳುವುದು: 'ಮಿಲಿಟರಿ ದಾಖಲೆ ಯಾಕೆ, ಆಧಾರ್‌ನಲ್ಲೇ ಹೆಸರು ಬದಲಾಯಿಸಿಬಿಡೋಣ.' ಬೇಡ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಎರಡೇ ಸಲ ಅವಕಾಶ, ಹುಟ್ಟಿದ ತಾರೀಕಿಗೆ ಒಂದೇ ಸಲ. ಅಲ್ಲಿ ಬದಲಾದರೆ ಬ್ಯಾಂಕು, ಪಹಣಿ, ರೇಷನ್ ಕಾರ್ಡ್ ಎಲ್ಲದಕ್ಕೂ ತಾಳ ತಪ್ಪುತ್ತದೆ.

4. ಜೀವನ ಪ್ರಮಾಣ

ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ತೋರಿಸಬೇಕು. ಯಾವಾಗ ಅನ್ನುವುದು ಸ್ಪರ್ಶ್ ಪೋರ್ಟಲ್‌ನಲ್ಲೇ ಇರುತ್ತದೆ. ಕೊನೇ ವಾರಕ್ಕೆ ಬಿಡಬೇಡಿ. ಮಳೆ ಹಿಡಿದರೆ ನಮ್ಮ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಸೇವಾ ಕೇಂದ್ರದ ಹುಡುಗರು ಒಂದು ಕಡೆ ತಪ್ಪು ಮಾಡುತ್ತಾರೆ. ಪಿಂಚಣಿ ಕೊಡುವವರು ಯಾರು ಅಂತ ಕೇಳುವಲ್ಲಿ ಅಜ್ಜನ ಬ್ಯಾಂಕಿನ ಹೆಸರು ಒತ್ತಿಬಿಡುತ್ತಾರೆ. ಸ್ಪರ್ಶ್‌ಗೆ ಬಂದವರಿಗೆ ಈಗ ಪಿಂಚಣಿ ಕೊಡುವುದು ಬ್ಯಾಂಕ್ ಅಲ್ಲ. ಅಲ್ಲಿ 'ಸ್ಪರ್ಶ್ – ಪಿಸಿಡಿಎ ಪೆನ್ಷನ್ಸ್ ಅಲಹಾಬಾದ್' ಆರಿಸಬೇಕು. ಮಂಜೂರು ಮಾಡಿದವರು ಅನ್ನುವಲ್ಲಿ ಭೂಸೇನೆಯವರು 'ಡಿಫೆನ್ಸ್ – ಪಿಸಿಡಿಎ (ಪಿ) ಅಲಹಾಬಾದ್' ಹಾಕಬೇಕು. ವಾಯುಪಡೆಗೆ ಸುಬ್ರೋತೋ ಪಾರ್ಕ್, ನೌಕಾಪಡೆಗೆ ಮುಂಬೈ. ಪಿಪಿಒ ನಂಬರ್ ಕೂಡ ಸ್ಪರ್ಶ್ ಕೊಟ್ಟ ಹೊಸದೇ ಆಗಬೇಕು. ಇದಿಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಅಜ್ಜನ ಜೇಬಿಗೆ ಹಾಕಿ ಕಳಿಸಿ. ತಪ್ಪು ಒತ್ತಿದರೂ ಪ್ರಮಾಣ್ ಐಡಿ (ಸರ್ಟಿಫಿಕೇಟಿನ ನಂಬರ್) ಬರುತ್ತದೆ, ಎಲ್ಲ ಸರಿ ಅನ್ನಿಸುತ್ತದೆ, ಆಮೇಲೆ ಯಾವುದೋ ತಿಂಗಳು ಪಿಂಚಣಿ ನಿಂತುಬಿಡುತ್ತದೆ. ಸಂಶಯ ಬಂದರೆ ಸ್ಪರ್ಶ್ ಸಹಾಯವಾಣಿ 1800-180-5325ಕ್ಕೆ ಫೋನ್ ಮಾಡಿ.

ಜೀವನವಿಡೀ ಕತ್ತಿ ಗುದ್ದಲಿ ಹಿಡಿದ ಬೆರಳುಗಳ ಗೆರೆ ಮೆಷಿನ್‌ಗೆ ಸಿಗುವುದಿಲ್ಲ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಇನ್ನೊಮ್ಮೆ ಪ್ರಯತ್ನಿಸಿ. ನನ್ನನ್ನು ಕೇಳಿದರೆ ಬೆರಳೇ ಬೇಡ. ನಿಮ್ಮ ಮೊಬೈಲಿನಲ್ಲಿ ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಆ್ಯಪ್ ಹಾಕಿಕೊಂಡು, ಹಗಲು ಹೊತ್ತು ಜಗುಲಿಯಲ್ಲಿ ಕೂರಿಸಿ ಮುಖದಿಂದಲೇ ಮಾಡಿ. ಬೆಳಕು ಮುಖದ ಮೇಲಿರಲಿ, ಬೆನ್ನ ಹಿಂದೆ ಬೇಡ.

5. ಪಾಲಿಕ್ಲಿನಿಕ್

ಇಸಿಎಚ್‌ಎಸ್ ಶುರುವಾಗಿದ್ದು 2003ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲೇ ಪಿಂಚಣಿಗೆ ಬಂದ ಹಲವರು ಇನ್ನೂ ಸೇರಿಲ್ಲ. 1996ರ ಜನವರಿ 1ಕ್ಕಿಂತ ಮೊದಲು ನಿವೃತ್ತರಾದವರು ಸೇರಲು ದುಡ್ಡೇ ಕಟ್ಟಬೇಕಿಲ್ಲ, ವಿಚಾರಿಸಿ.

ಇಸಿಎಚ್‌ಎಸ್‌ನ ಚಿಕಿತ್ಸಾಲಯವೇ ಪಾಲಿಕ್ಲಿನಿಕ್. ಅಲ್ಲಿಗೆ ಒಂದು ಜೀಪಲ್ಲಿ ನಾಲ್ವರು ಒಟ್ಟಿಗೆ ಹೋಗಿ. ದೊಡ್ಡ ಆಸ್ಪತ್ರೆಗೆ ಹೋಗುವುದಿದ್ದರೆ ರೆಫರಲ್ ಚೀಟಿ ಬೇಕು. ಎದೆನೋವು, ಬಿದ್ದು ಪೆಟ್ಟು ಅಂದರೆ ಚೀಟಿಗೆ ಕಾಯಬಾರದು, ಹತ್ತಿರದ ಆಸ್ಪತ್ರೆಗೆ ಹೋಗಿ. ಅದು ಇಸಿಎಚ್‌ಎಸ್ ಪಟ್ಟಿಯಲ್ಲಿ ಇಲ್ಲದಿದ್ದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ. ಆಮೇಲೆ ಬಿಲ್ ವಾಪಸ್ ಬರುವುದು ಇಸಿಎಚ್‌ಎಸ್ ದರದಲ್ಲಿ ಮಾತ್ರ.

70 ದಾಟಿದವರಿಗೆ ವರ್ಷಕ್ಕೆ 5 ಲಕ್ಷದ ಆಯುಷ್ಮಾನ್ ವಯ ವಂದನಾ ಕಾರ್ಡ್ ಮಾಡಿಸಿ ಅಂತ ಯಾರಾದರೂ ಬಂದರೆ ತಡೆಯಿರಿ. ಇಸಿಎಚ್‌ಎಸ್ ಇರುವವರು ಎರಡರಲ್ಲಿ ಒಂದನ್ನೇ ಆರಿಸಬೇಕು. ಇಸಿಎಚ್‌ಎಸ್‌ನಲ್ಲಿ ಖರ್ಚಿಗೆ ಮಿತಿ ಇಲ್ಲ, ತಿಂಗಳ ಮಾತ್ರೆಯೂ ಸಿಗುತ್ತದೆ. ಅದನ್ನು ಬಿಡಬೇಡಿ.

ಸೇನೆಯಿಂದ ಪಿಂಚಣಿ ಇಲ್ಲದೆ ಬಂದವರ ಮನೆ ಹುಡುಕಿ ಹೋಗಬೇಕು, ಅವರು ತಾವಾಗಿ ಬರುವುದಿಲ್ಲ. ಹವಾಲ್ದಾರ್‌ವರೆಗಿನ ರ‍್ಯಾಂಕಿನ, 65 ದಾಟಿದ, ಪಿಂಚಣಿಯಿಲ್ಲದವರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ 'ಪೆನ್ಯುರಿ ಗ್ರಾಂಟ್' (ಕಡುಬಡವರಿಗೆ ನೆರವು) ಇದೆ. ಅವರ ವಿಧವೆಯರಿಗೂ ಇದೆ. ತಿಂಗಳಿಗೆ 4,000 ಇದ್ದದ್ದು 2025ರ ನವೆಂಬರ್‌ನಿಂದ 8,000 ಆಗಿದೆ. ಅರ್ಜಿ ಅದೇ ಸೈನಿಕ ಕಲ್ಯಾಣ ಕಚೇರಿಯ ಮೂಲಕ.

6. ವಾರಕ್ಕೊಂದು ಭೇಟಿ

ಶಾಲು, ಹಾರ, ಫೋಟೋ ಬೇಡ. 'ನಿಮಗೆ ಸಹಾಯ ಮಾಡಲು ಬಂದೆವು' ಅಂದರೆ ಮಿಲಿಟರಿಯವರು ಬಾಗಿಲಲ್ಲೇ 'ನಂಗೇನೂ ಬೇಡ' ಅನ್ನುತ್ತಾರೆ. 'ಸುಬೇದಾರ್ ಸಾಬ್, ನಮ್ಮೂರಲ್ಲಿ ಇನ್ನೂ ಯಾರಿಗೆ ಕಾರ್ಡ್ ಆಗಿಲ್ಲ, ಒಂದು ಲಿಸ್ಟ್ ಮಾಡಿಕೊಡಿ' ಅಂತ ಕೇಳಿ. ಕಾಫಿ ಬರುತ್ತದೆ, ಲಿಸ್ಟೂ ಬರುತ್ತದೆ, ಕೊನೆಯಲ್ಲಿ ಅವರ ಹೆಸರೂ ಇರುತ್ತದೆ.

ಹೋದಾಗ ಮಾತ್ರೆ ಡಬ್ಬಿ ನೋಡಿ. ಅಂಗಡಿಯ ಏಳು ಖಾನೆಯ ಡಬ್ಬಿಯಲ್ಲಿ ದಿನಕ್ಕೆ ಒಂದೊಂದೇ ಇಂಗ್ಲಿಷ್ ಅಕ್ಷರ ಇರುತ್ತದೆ. ಮಂಗಳವಾರಕ್ಕೂ ಗುರುವಾರಕ್ಕೂ ಒಂದೇ ಅಕ್ಷರ. ಅದರ ಮೇಲೆ ಕನ್ನಡದ ಚೀಟಿ ಅಂಟಿಸಿ. ಊರುಗೋಲನ್ನು ತಿರುಗಿಸಿ ಬುಡದ ರಬ್ಬರ್ ನೋಡಿ. ಅಗ್ಗದ ಕೋಲಿನ ರಬ್ಬರ್ ಒಂದು ಮಳೆಗಾಲಕ್ಕೇ ಸವೆದು ನುಣ್ಣಗಾಗುತ್ತದೆ, ಪಾಚಿ ಕಟ್ಟಿದ ಅಂಗಳದಲ್ಲಿ ಜಾರುತ್ತದೆ. ಮೇ ತಿಂಗಳಲ್ಲೇ ಹೊಸದು ಹಾಕಿಸಿ.